ಗ್ರಹಣದ ದಿನ ಮುರಿದ ತೊಟ್ಟು

ಹಾವೇರಿಯಲ್ಲಿ ನಮ್ಮಣ್ಣ ಹೊಸ ಮನೆ ಕಟ್ಟಿಸುತ್ತಿದ್ದಾನೆ. ಹೋದ ತಿಂಗಳು ನೋಡಲು ಹೋದಾಗ ಪಡಸಾಲೆಯ ಛತ್ತಿಗೆ ಪಿಒಪಿ ಮಾಡುತ್ತಿದ್ದರು. ಒಬ್ಬಾತ ಬುಟ್ಟಿಯಲ್ಲಿ ಬಿಳಿ ಪುಡಿಗೆ ನೀರು ಸುರಿದು ಕಲಸುತ್ತಿದ್ದ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಆಮೇಲೆ ತಡೆಯಲಾಗದೆ ಹೋಗಿ ಬುಟ್ಟಿಯೊಳಗೆ ಕೈ ಅದ್ದಿದೆ. ಕಲಸಿದ ಸ್ವಲ್ಪ ಹೊತ್ತಿಗೆ ಅದು ತನ್ನಷ್ಟಕ್ಕೆ ತಾನೇ ಬೆಚ್ಚಗಾಗುತ್ತದೆ. ಆದದ್ದು ಹೌದು.

"ಏನವಾ, ಮನಿ ನೋಡಾಕ ಬಂದೀಯೋ, ಗಿಲಾವ ಮಾಡಾಕ ಬಂದೀಯೋ?" ಎಂದ ಅಣ್ಣ.

ಅವನ ಮನೆ ನಾನು ನೋಡಿದ್ದು ಅಷ್ಟಕ್ಕಷ್ಟೇ. ಅಡುಗೆಮನೆಯ ಕಟ್ಟೆಯ ಬಗ್ಗೆ ಅವನು ಏನೇನೋ ಹೇಳುತ್ತಿದ್ದ, ನಾನು ಹೂಂ ಅನ್ನುತ್ತಿದ್ದೆ. ತಲೆಯಲ್ಲಿ ಇದ್ದದ್ದು ರಾಣೆಬೆನ್ನೂರಿನ ಆ ಒಂದು ಬೇಸಿಗೆ, ಮಿರೆಂಬೆ ಎಂಬ ಹೆಂಗಸು, ಮತ್ತು ಬ್ಯಾಡಗಿಯ ರೇಣುಕಾಳ ಕೂಸು.

ನಾನಾಗ ನರ್ಸಿಂಗ್ ಮುಗಿಸಿ ರಾಣೆಬೆನ್ನೂರಿನ ಒಂದು ಟ್ರಸ್ಟಿನ ಸಣ್ಣ ದವಾಖಾನೆಗೆ ಸೇರಿದ್ದೆ. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡಿರುವ ಕೂಸುಗಳಿಗೆ ಅಲ್ಲಿ ಪುಕ್ಕಟೆ ಚಿಕಿತ್ಸೆ. ದೊಡ್ಡ ಆಪರೇಷನ್ ಏನೂ ಅಲ್ಲ. ಪಾದವನ್ನು ಕೈಯಿಂದ ಮೆಲ್ಲಗೆ ಒಂದಿಷ್ಟು ಹೊರಕ್ಕೆ ತಿರುಗಿಸಿ, ಹಾಗೇ ಹಿಡಿದು, ಬೆರಳಿನ ಬುಡದಿಂದ ತೊಡೆಯವರೆಗೆ ಹತ್ತಿ ಸುತ್ತಿ, ಅದರ ಮೇಲೆ ಇದೇ ಬಿಳಿ ಪುಡಿ ಮೆತ್ತಿದ ಪಟ್ಟಿಯನ್ನು ನೀರಲ್ಲಿ ಅದ್ದಿ ಸುತ್ತುವುದು. ಒಂದು ವಾರ ಬಿಟ್ಟು ಬಿಚ್ಚಿ, ಮತ್ತಷ್ಟು ತಿರುಗಿಸಿ, ಮತ್ತೆ ಸುತ್ತುವುದು. ಹೀಗೆ ವಾರವಾರ ಮಾಡುತ್ತ ಹೋದರೆ ತಿರುಚಿದ ಪಾದ ದಾರಿಗೆ ಬರುತ್ತದೆ. ಆದರೆ ನಡುವೆ ಪಟ್ಟಿ ಸಡಿಲಾಯಿತೋ, ಪಾದ ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಕ್ಕೆ ಹೋಗಿಬಿಡುತ್ತದೆ.

ಇದನ್ನು ನಮಗೆ ಕಲಿಸಲು ಹೊರದೇಶದಿಂದ ಒಬ್ಬರು ಬರುತ್ತಾರೆ, ಮೆಣಸಿನಕಾಯಿಯ ಸುಗ್ಗಿ ಮುಗಿಯುವತನಕ ಇರುತ್ತಾರೆ ಎಂದು ಸುದ್ದಿ ಬಂತು. ಹೊರದೇಶ ಎಂದರೆ ನಮ್ಮ ಕಣ್ಣಿಗೆ ಬಂದದ್ದು ಎತ್ತರದ ಬಿಳಿ ಡಾಕ್ಟರು. ಸ್ಟೇಷನ್ನಿಗೆ ಮಾಲೆ ಹಿಡಿದುಕೊಂಡು ಬಂದ ನಮ್ಮ ದವಾಖಾನೆಯ ದೊಡ್ಡ ಡಾಕ್ಟರು ರೈಲಿನ ಉದ್ದಕ್ಕೂ ಹುಡುಕುತ್ತ ಹೋಗಿ ಹಾಗೇ ವಾಪಸ್ಸು ಬಂದರು. ಅಷ್ಟು ಹೊತ್ತೂ ಒಬ್ಬ ಕಪ್ಪು ಹೆಂಗಸು ತನ್ನ ಪೆಟ್ಟಿಗೆಯ ಮೇಲೆ ಕುಳಿತು, ಬಾಳೆಹಣ್ಣು ತಿನ್ನುತ್ತ, ನಮ್ಮನ್ನೇ ನೋಡುತ್ತಿದ್ದಳು. ಕೊನೆಗೆ, "ನೀವು ಹುಡುಕುತ್ತಿರುವುದು ಬಹುಶಃ ನನ್ನನ್ನೇ" ಎಂದು ಇಂಗ್ಲಿಷಿನಲ್ಲಿ ಹೇಳಿ ಸಿಪ್ಪೆಯನ್ನು ಎಲ್ಲಿ ಎಸೆಯಬೇಕು ಎಂದು ಕೇಳಿದಳು.

ಅವಳೇ ಮಿರೆಂಬೆ. ಉಗಾಂಡಾದವಳು. ಡಾಕ್ಟರೂ ಅಲ್ಲ. ಅವಳ ಊರಿನ ಕಡೆ ಡಾಕ್ಟರು ಸಾಲುವುದಿಲ್ಲ. ಹಾಗಾಗಿ ಹೊರಗಿನ ನೆರವಿನ ಸಂಸ್ಥೆಯೊಂದು ಬಂದು ಅವಳಂಥ ದವಾಖಾನೆಯ ಸಿಬ್ಬಂದಿಗೇ ಈ ಪಟ್ಟಿ ಕಟ್ಟುವುದನ್ನು ಕಲಿಸಿತ್ತು. ಕಲಿತವಳನ್ನು ಅದೇ ಸಂಸ್ಥೆ ಈಗ ನಮ್ಮಲ್ಲಿಗೆ ಕಳಿಸಿತ್ತು. ನಮ್ಮ ದೊಡ್ಡ ಡಾಕ್ಟರಿಗೆ ಮೊದಲ ವಾರ ಇದು ಅರಗಲಿಲ್ಲ. ಅವಳು ಕೂಸಿನ ಪಾದ ಹಿಡಿಯುವುದನ್ನು ಒಮ್ಮೆ ನೋಡಿದ ಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕುಳಿತರು.

ಅವಳ ಇಂಗ್ಲಿಷನ್ನು ನಮ್ಮ ಮಂದಿಗೆ, ನಮ್ಮ ಮಂದಿಯ ಮಾತನ್ನು ಅವಳಿಗೆ ದಾಟಿಸುವುದು ನನ್ನ ಪಾಲಿಗೆ ಬಂತು. ನನಗೆ ಅದಕ್ಕಿಂತ ಬೇರೆ ಏನು ಬೇಕು? ನಮ್ಮವ್ವ ನನ್ನನ್ನು ಕರೆಯುತ್ತಿದ್ದದ್ದೇ 'ಊರ ಉಸಾಬರಿ' ಎಂದು. ಪಕ್ಕದ ಮನೆಯಲ್ಲಿ ಒಗ್ಗರಣೆ ಚುಂಯ್ ಅಂದರೆ ಏನು ಸಾರು ಎಂದು ತಿಳಿಯುವತನಕ ನನಗೆ ಊಟ ಸೇರುತ್ತಿರಲಿಲ್ಲ. ಮಿರೆಂಬೆ ನನಗಿಂತ ಒಂದು ಕೈ ಮೇಲು. ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಗುರುತಿಲ್ಲದ ಮನೆಗೂ ನುಗ್ಗುವಳು. ಕೂಸುಗಳನ್ನು ಹುಡುಕಿಕೊಂಡು ದವಾಖಾನೆಯ ಗಾಡಿಯಲ್ಲಿ ಮೇಡ್ಲೇರಿ, ಐರಣಿ ಕಡೆ ಹೋದಾಗ ನದಿಗೆ ಬಂದ ಹೆಂಗಸರು ಅವಳ ಸುತ್ತ ಕೂತುಬಿಡುತ್ತಿದ್ದರು.

"ಇಷ್ಟು ಸಣ್ಣ ಸಣ್ಣ ಹೆಳ್ಳ ಯಾರು ಹಾಕ್ಯಾರ ಕೇಳ್ರಿ ಅಕ್ಕಾರ. ಇದಕ್ಕ ಎಣ್ಣಿ ಹೆಂಗ ಹಚ್ಚತಾಳ?" ಎಂದು ಐರಣಿಯ ಒಬ್ಬ ಅಜ್ಜಿ ಅವಳ ಜಡೆ ಎತ್ತಿ ನೋಡಿದಳು.

ಅವಳೇನು ಸುಮ್ಮನಿರುವವಳೇ? ಅಜ್ಜಿಯ ತೋಳಿನ ಹಚ್ಚೆಗಳ ಮೇಲೆ ಬೆರಳಿಟ್ಟು ಒಂದೊಂದಕ್ಕೂ ಅರ್ಥ ಕೇಳಿದಳು. ನಾನು ನಡುವೆ ನಿಂತು ಆ ಕಡೆಗೊಂದು, ಈ ಕಡೆಗೊಂದು ಮಾತು ದಾಟಿಸಿ ಗಂಟಲು ಒಣಗಿಸಿಕೊಂಡೆ. ಅಷ್ಟು ಸುಖದ ಕೆಲಸ ಆಮೇಲೆ ನನಗೆ ಸಿಕ್ಕಿಲ್ಲ.

ರೇಣುಕಾ ಬಂದದ್ದು ಆ ದಿನಗಳಲ್ಲಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುವವಳು. ಗಂಡ ಅಲ್ಲಿಯ ಮಾರ್ಕೆಟ್ಟಿನಲ್ಲೇ ಹಮಾಲ. ಜೊತೆಗೆ ಅತ್ತೆ ಫಕೀರವ್ವ, ಫಕೀರವ್ವನ ಸೆರಗಿನೊಳಗೆ ಮೂರು ತಿಂಗಳೂ ತುಂಬದ ಗಂಡು ಕೂಸು ಹನುಮಂತ. ಎರಡೂ ಅಂಗಾಲು ಒಂದನ್ನೊಂದು ನೋಡುತ್ತಿದ್ದವು. ಇಬ್ಬರು ಹೆಂಗಸರೂ ಒಳಗೆ ಕಾಲಿಟ್ಟ ಕೂಡಲೇ ನಾವೆಲ್ಲ ಸೀನಿದೆವು. ಸೀರೆ, ಕೂದಲು, ಚೀಲ, ಎಲ್ಲದರಲ್ಲೂ ಮೆಣಸಿನಕಾಯಿಯ ಘಾಟು.

ಪಟ್ಟಿ ಕಟ್ಟುವಾಗ ಹನುಮಂತ ಅತ್ತ ಅಳುವಿಗೆ ಹೊರಗೆ ರಸ್ತೆಯ ಮಂದಿ ಬಂದು ಇಣುಕಿ ಹೋದರು. ಒದ್ದಾಡುವ ಕಾಲನ್ನು ಹಿಡಿದು ಪಟ್ಟಿ ಸರಿಯಾಗಿ ಕೂರಿಸುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಕೊನೆಗೆ ನಾನು ಎಲ್ಲರಿಗೂ ಹೇಳುವ ಮಾತು ಹೇಳಿದೆ. ನೀರು ತಾಗಿಸಬಾರದು. ಕಾಲಿನ ಬೆರಳು ಹೊರಗೆ ಕಾಣುತ್ತಿರಬೇಕು. ಬೆರಳು ಒಳಗೆ ಹೋದರೆ ಪಟ್ಟಿ ಜಾರಿದೆ ಎಂದೇ ಲೆಕ್ಕ.

ಮುಂದಿನ ವಾರ ಬಂದಾಗ ಹನುಮಂತನ ಬೆರಳು ಕಾಣಲಿಲ್ಲ. ಅದರ ಮುಂದಿನ ವಾರವೂ ಅದೇ ಕಥೆ.

"ನೀರು ತಾಗಿಸಿದಿಯೇನವಾ?" ಎಂದು ಕೇಳಿದರೆ ರೇಣುಕಾ, "ಇಲ್ರಿ ಅಕ್ಕಾರ, ಒಂದ ಹನಿ ಮುಟ್ಟಿಸಿಲ್ರಿ" ಎಂದು ಕಣ್ಣು ತುಂಬಿಕೊಂಡಳು. ಫಕೀರವ್ವನಂತೂ ಗಲ್ಲಕ್ಕೆ ಕೈ ಹಚ್ಚಿಕೊಂಡು, "ಕದರಮಂಡಲಗಿ ಹನುಮಪ್ಪನ ಆಣಿ. ನಾ ನೀರು ಹಾಕಿದ್ರ ನನ್ನ ಕೈ ಸೇದಿ ಹೋಗಲಿ" ಎಂದಳು. ಆಕೆ ಹರಕೆ ಹೊತ್ತು ಪಡೆದ ಮೊಮ್ಮಗನಿಗೆ ಆ ದೇವರ ಹೆಸರನ್ನೇ ಇಟ್ಟಿದ್ದಳು. ಸುಳ್ಳು ಆಣೆ ಇಡುವ ಹೆಂಗಸಲ್ಲ. ಪಟ್ಟಿಯೂ ನೀರಿಗೆ ಮೆತ್ತಗಾದಂತಿರಲಿಲ್ಲ, ಗಟ್ಟಿಯಾಗಿಯೇ ಇತ್ತು. ಆದರೂ ಜಾರುತ್ತಿತ್ತು. ಪಾದ ಮಾತ್ರ ಹುಟ್ಟಿದಾಗ ಇದ್ದಲ್ಲೇ ಇತ್ತು.

ನಮ್ಮ ದೊಡ್ಡ ಡಾಕ್ಟರು, "ಇನ್ನೊಂದು ವಾರ ನೋಡೋಣ. ಆಮೇಲೆ ಹುಬ್ಬಳ್ಳಿಗೆ ಆಪರೇಷನ್ನಿಗೆ ಬರೆದುಕೊಟ್ಟು ಕೈ ತೊಳೆದುಕೊಳ್ಳೋಣ" ಎಂದರು. ಮಿರೆಂಬೆ ಹೊರಡುವ ಕಾಲವೂ ಹತ್ತಿರವಾಗುತ್ತಿತ್ತು. ಅವಳಷ್ಟು ಹದವಾದ ಕೈ ನಮಗ್ಯಾರಿಗೂ ಇನ್ನೂ ಬಂದಿರಲಿಲ್ಲ. ಅವಳು ಹೋಗುವುದರೊಳಗೆ ಆ ಪಾದ ದಾರಿಗೆ ಬರದಿದ್ದರೆ ಹನುಮಂತ ಪಾದದ ಅಂಚಿನ ಮೇಲೆಯೇ ನಡೆಯುವವನಾಗುತ್ತಿದ್ದ. ನನಗೆ ಅವತ್ತು ಊಟ ಸೇರಲಿಲ್ಲ. ಮಿರೆಂಬೆಗೆ ಬೇಸರಕ್ಕಿಂತ ಹೆಚ್ಚು ಕುತೂಹಲ. "ಆ ಮನೆಯಲ್ಲಿ ಹಗಲು ಹೊತ್ತು ಏನು ನಡೆಯುತ್ತದೆ, ಹೋಗಿ ನೋಡೋಣ" ಎಂದಳು.

ಮರುದಿನ ಬಸ್ ಹತ್ತಿ ಬ್ಯಾಡಗಿಗೆ ಹೋದೆವು. ಊರು ಇನ್ನೂ ದೂರ ಇರುವಾಗಲೇ ಅವಳು ಮೂಗಿಗೆ ಕರವಸ್ತ್ರ ಹಿಡಿದಳು. ಮಾರ್ಕೆಟ್ಟಿನ ಮುಂದೆ ಇಳಿದವಳು ಕೆಮ್ಮುತ್ತ, ಕಣ್ಣೀರು ಒರೆಸಿಕೊಳ್ಳುತ್ತ, ಆ ಕೆಂಪು ರಾಶಿಗಳನ್ನು ನೋಡುತ್ತ ನಿಂತಳು. ಒಂದು ಕಾಯಿ ಎತ್ತಿ, ಅದರ ಸುಕ್ಕು ಸವರಿ, ನಾಲಿಗೆಗೆ ಹಚ್ಚಿಕೊಂಡು, "ಇಷ್ಟು ಕೆಂಪಗಿದ್ದೂ ಖಾರ ಇಲ್ಲವಲ್ಲ" ಎಂದಳು. ಅಲ್ಲಿದ್ದ ಹಮಾಲರಿಗೆ ಅದನ್ನು ಹೇಳಿದೆ. "ಬಣ್ಣಕ್ಕ ಬ್ಯಾಡಗಿ, ಖಾರಕ್ಕ ಗುಂಟೂರು ಅಂತ ಹೇಳ್ರಿ ಅವರಿಗೆ" ಎಂದು ನಕ್ಕರು.

ಫಕೀರವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕಾಲು ನೀಡಿ ಕುಳಿತಿದ್ದಳು. ನೀಡಿದ ಕಾಲಿನ ಮೇಲೆ ಹನುಮಂತ ಮಲಗಿದ್ದ. ಪಕ್ಕದಲ್ಲಿ, ಬಿಸಿಲಿಗೆ ಇಟ್ಟ ಹಿತ್ತಾಳೆ ಬಟ್ಟಲು. ನಮ್ಮನ್ನು ನೋಡಿ ಆಕೆಯ ಮುಖ ಅರಳಿತು. "ಬರ್ರಿ ಬರ್ರಿ, ಕುಂದ್ರಿ" ಎಂದಳು. ಏನನ್ನೂ ಮುಚ್ಚಿಡಲಿಲ್ಲ, ಕೆಲಸವನ್ನೂ ನಿಲ್ಲಿಸಲಿಲ್ಲ. ಬಟ್ಟಲಿನಿಂದ ಬೆಚ್ಚಗಿನ ಔಡಲೆಣ್ಣೆಯನ್ನು ಚಮಚೆಯಲ್ಲಿ ತೆಗೆದು, ತೊಡೆಯ ಹತ್ತಿರ ಪಟ್ಟಿಯ ಬಾಯಿಯಿಂದ ಒಳಕ್ಕೆ ಇಳಿಸಿದಳು. ಆಮೇಲೆ ಕೂಸಿನ ಕಾಲನ್ನು ಎತ್ತಿ ಅತ್ತಿತ್ತ ಆಡಿಸಿದಳು, ಎಣ್ಣೆ ತಳದವರೆಗೆ ಹೋಗಲಿ ಎಂದು.

ನಾನು ಬಟ್ಟಲನ್ನು ಎತ್ತಿ ಮೂಸಿದೆ.

"ಎಣ್ಣಿ ಯಾಕಬೇ?" ಎಂದೆ.

"ಮತ್ತ? ನೀವು ನೀರು ಬ್ಯಾಡ ಅಂದ್ರಿ, ಬಿಟ್ವಿ. ಎಣ್ಣಿ ಬ್ಯಾಡ ಅಂದಿರೇನು?" ಎಂದಳು. "ಕೂಸಿಗೆ ದಿನಾ ಎಣ್ಣಿ ಹಚ್ಚಿ ಎರೀಬೇಕು. ಎರಿಯೋದು ಬಿಟ್ವಿ, ಎಣ್ಣಿನೂ ಬಿಟ್ಟರ ಹೆಂಗ? ಒಣಾ ಕಾಲು ಹೆಂಗ ಹೊಳ್ಳತೈತಿ ನೀವ ಹೇಳ್ರಿ. ಮೆತ್ತಗಾಗಬೇಕಲ್ಲ."

ಘಾಟಿನಲ್ಲಿ ನಮ್ಮ ಮೂಗಿಗೆ ಎಣ್ಣೆಯ ವಾಸನೆ ಸಿಕ್ಕಿರಲಿಲ್ಲ, ಪಟ್ಟಿಯನ್ನು ನೀರಲ್ಲಿ ನೆನೆಸಿ ಬಿಚ್ಚುತ್ತಿದ್ದರಿಂದ ಕಣ್ಣಿಗೂ ಬಿದ್ದಿರಲಿಲ್ಲ. ಒಳಗಿನ ಹತ್ತಿಯೆಲ್ಲ ಎಣ್ಣೆ ಕುಡಿದು, ಕಾಲು ಜಾರಿ ಮೇಲಕ್ಕೆ ಬರುತ್ತಿತ್ತು. ಮಿರೆಂಬೆಗೆ ಹೇಳಿದೆ. ಅವಳು ಒಂದು ಗಳಿಗೆ ಬಟ್ಟಲನ್ನೂ ಅಜ್ಜಿಯನ್ನೂ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಕಟ್ಟೆಯ ಮೇಲೆ ಫಕೀರವ್ವನ ಪಕ್ಕದಲ್ಲಿ ತಾನೂ ಕಾಲು ನೀಡಿ ಕುಳಿತು, "ಎರೆಯುವುದು ಎಂದರೆ ಹೇಗೆ, ಮೊದಲಿನಿಂದ ಹೇಳು" ಎಂದಳು.

ರೇಣುಕಾ ಮಧ್ಯಾಹ್ನದ ಊಟಕ್ಕೆ ಬಂದವಳು ನಮ್ಮನ್ನು ಕಂಡು ಬಾಗಿಲಲ್ಲೇ ನಿಂತಳು. ಎಣ್ಣೆಯ ವಿಷಯ ಅವಳಿಗೂ ಗೊತ್ತಿತ್ತು, ಅದರಲ್ಲಿ ತಪ್ಪೇನಿದೆ ಎಂಬುದು ಅವಳಿಗೂ ಹೊಳೆದಿರಲಿಲ್ಲ. ಪಟ್ಟಿ ಜಾರುವುದು ಎಣ್ಣೆಯಿಂದಲೇ ಎಂದು ನಾನು ಹೇಳಿದ್ದೇ ತಡ, ಫಕೀರವ್ವ ತನ್ನ ಮೇಲೆ ಬಂದದ್ದನ್ನು ಸೊಸೆಯ ಕಡೆ ದಾಟಿಸಿದಳು. "ನಂದ್ಯಾಕ ತಪ್ಪು ಹುಡುಕತೀರಿ? ತಪ್ಪು ಮಾಡಿದಾಕಿ ಅಲ್ಲಿ ನಿಂತಾಳ ನೋಡ್ರಿ. ಬಸರಿದ್ದಾಗ ಗ್ರಹಣ ಹಿಡದಿತ್ತು. ಮೂಲ್ಯಾಗ ಸುಮ್ಮನ ಕುಂದ್ರು ಅಂದೆ. ಕೇಳಲಿಲ್ಲ. ಮನಿಗೆ ತಂದಿಟ್ಟ ಕಾಯಿ ಮುಗಸ್ತೇನಿ ಅಂತ ಕುಂತು ತೊಟ್ಟು ಮುರದಳು. ಆಕಿ ತೊಟ್ಟು ಮುರದಳು, ಇವಂದು ಕಾಲು ಮುರೀತು."

ರೇಣುಕಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತೇ ಇದ್ದಳು. ಆ ಮಾತು ಅವಳಿಗೆ ಹೊಸದಲ್ಲ ಎಂಬುದು ಅವಳು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಅವಳೂ ಅದನ್ನು ನಂಬಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ದಾಟಿಸುವವಳು ನಾನು, ದಾಟಿಸಿದೆ.

ಮಿರೆಂಬೆ ಎಲ್ಲ ಕೇಳಿಸಿಕೊಂಡು ರೇಣುಕಾಳ ಕಡೆ ತಿರುಗಿದಳು. "ನನ್ನ ತಮ್ಮನೂ ಇಂಥ ಕಾಲಿನವನು. ಅವನು ಹುಟ್ಟಿದಾಗ ಈ ಪಟ್ಟಿ ಕಟ್ಟುವವರು ನಮ್ಮಲ್ಲಿ ಯಾರೂ ಇರಲಿಲ್ಲ. ನಮ್ಮ ಹಳ್ಳಿಯಲ್ಲಿ ಗ್ರಹಣದ ಮಾತಿಲ್ಲ, ಮೆಣಸಿನಕಾಯಿಯ ಮಾತೂ ಇಲ್ಲ. ಬಸುರಿಯಾಗಿದ್ದಾಗ ನೀನು ಯಾವನೋ ಕುಂಟನನ್ನು ನೋಡಿ ನಕ್ಕಿರಬೇಕು ಎಂದರು ನಮ್ಮ ತಾಯಿಗೆ. ಅವಳಿಗೆ ಈಗ ವಯಸ್ಸಾಗಿದೆ. ಈಗಲೂ ಒಮ್ಮೊಮ್ಮೆ ಕೈಯಲ್ಲಿನ ಕೆಲಸ ಬಿಟ್ಟು ಯೋಚಿಸುತ್ತಾಳೆ, ನಾನು ಯಾರನ್ನು ನೋಡಿ ನಕ್ಕೆ ಎಂದು."

ಇದನ್ನು ಕನ್ನಡದಲ್ಲಿ ಹೇಳಿದೆ. ರೇಣುಕಾ ತಲೆ ಎತ್ತಿ ಮಿರೆಂಬೆಯನ್ನು ನೋಡಿದಳು. "ಅವರಿಗೆ ನೆನಪಾತೇನ್ರಿ, ಯಾರಂತ?" ಎಂದು ಕೇಳಿದಳು.

"ಇಲ್ಲ. ಅವಳು ನಕ್ಕೇ ಇಲ್ಲ" ಎಂದಳು ಮಿರೆಂಬೆ.

ಫಕೀರವ್ವ ಎಣ್ಣೆ ನಿಲ್ಲಿಸಲು ಒಪ್ಪಿದಳು, ಆದರೆ ಇನ್ನು ಮುಂದೆಯೂ ಎರೆಯದೆ ಇರಲು ಒಪ್ಪಲಿಲ್ಲ. "ಎರೀಲಾರದ ಕೂಸು ಮೈ ಹಿಡೀತೈತೇನು? ನಿದ್ದಿ ಮಾಡವಲ್ದು, ಹಾಲು ಕುಡೀವಲ್ದು. ಪಟ್ಟಿ ಬ್ಯಾಡ, ಏನೂ ಬ್ಯಾಡ, ನಾವು ಬರಂಗಿಲ್ಲ" ಎಂದು ಮುಖ ತಿರುಗಿಸಿದಳು. ಹಿಡಿದರೆ ಬಿಡುವ ಕುಳವಲ್ಲ ಅದು. ಆಗ ಮಿರೆಂಬೆ ಒಂದು ಮಾತು ಹೇಳಿದಳು. ಹಳೆಯ ಪಟ್ಟಿ ಬಿಚ್ಚಿ ಹೊಸದು ಕಟ್ಟುವ ನಡುವೆ ಕಾಲು ಬರಿದಾಗಿರುತ್ತದೆ. ಆಗ ದವಾಖಾನೆಯಲ್ಲೇ ಎರೆದರೆ? ಎಣ್ಣೆ ಎಷ್ಟು ಬೇಕಾದರೂ ಹಚ್ಚಲಿ, ಆದರೆ ಕಡ್ಲಿಹಿಟ್ಟಿನಿಂದ ಉಜ್ಜಿ ಒಂದು ತೊಟ್ಟೂ ಉಳಿಯದಂತೆ ತೊಳೆಯಬೇಕು. ಮನೆಯಲ್ಲಿ ಮಾತ್ರ ಎಣ್ಣೆಯ ಬಟ್ಟಲು ಪಟ್ಟಿಯ ಹತ್ತಿರ ಸುಳಿಯಬಾರದು.

ದೊಡ್ಡ ಡಾಕ್ಟರು, "ಇದೇನು ದವಾಖಾನೆಯೋ, ಬಚ್ಚಲಮನೆಯೋ?" ಎಂದರು. ಆದರೂ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಹಂಡೆ ಇಡಲು ಬಿಟ್ಟರು. ಮುಂದಿನ ಪಟ್ಟಿಯ ದಿನ ಫಕೀರವ್ವ ಬೆಳಗಿನ ಬಸ್ಸಿಗೇ ಬಂದು ಒಲೆ ಹಚ್ಚಿದಳು. ಮಣೆಯ ಮೇಲೆ ಕುಳಿತು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ, ಕಾಲು ನೀಡಿ, ಅದರ ಮೇಲೆ ಹನುಮಂತನನ್ನು ಬೋರಲು ಹಾಕಿಕೊಂಡಳು. ನೆತ್ತಿಗೆ ಎಣ್ಣೆ, ಬೆನ್ನಿಗೆ ಎಣ್ಣೆ, ಆಮೇಲೆ ತಂಬಿಗೆಯ ಮೇಲೆ ತಂಬಿಗೆ ಬಿಸಿನೀರು. ಅವನು ಮೊದಲು ಕಿರುಚಿದ, ನಡುವೆ ಕುಸುಗುಟ್ಟಿದ, ಕೊನೆಗೆ ಬಾಯಿ ತೆರೆದು ಸುಮ್ಮನಾದ. ಒರೆಸಿ, ಬಟ್ಟೆಯಲ್ಲಿ ಸುತ್ತಿ, ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಕೊಡುವಷ್ಟರಲ್ಲಿ ನಿದ್ದೆ ಹೋಗಿದ್ದ. ಮಿರೆಂಬೆ ಎಲ್ಲವನ್ನೂ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದಳು. ಅವಳ ಕೈಗೂ ಒಂದು ತಂಬಿಗೆ ಕೊಟ್ಟರು.

ಅವತ್ತು ಪಟ್ಟಿ ಕಟ್ಟುವಾಗ ದವಾಖಾನೆಯಲ್ಲಿ ಸಪ್ಪಳವೇ ಇಲ್ಲ. ಕೂಸಿಗೆ ಎಚ್ಚರವೇ ಆಗಲಿಲ್ಲ. ಮೈ ಸಡಿಲವಾಗಿತ್ತು, ಪಾದ ಅವಳು ತಿರುಗಿಸಿದತ್ತ ತಿರುಗಿತು. ಮಿರೆಂಬೆ ನನ್ನ ಕೈ ಹಿಡಿದು ಆ ಪಾದದ ಮೇಲೆ ಇಟ್ಟಳು. "ಈಗ ನೀನು ಹಿಡಿ" ಎಂದಳು. ನಾನು ಹಿಡಿದೆ. ಪಟ್ಟಿ ನನ್ನ ಅಂಗೈಯಲ್ಲಿ ಬೆಚ್ಚಗಾಗಿ, ಗಟ್ಟಿಯಾಗುವವರೆಗೂ ಹಿಡಿತ ಸಡಿಲಿಸಲಿಲ್ಲ.

ಮುಂದಿನ ವಾರ ಬೆರಳು ಅಷ್ಟೂ ಹೊರಗೇ ಇದ್ದವು. ವಾರವಾರ ಒಂದಿಷ್ಟು ತಿರುಗುತ್ತ ಹೋಗಿ ಪಾದ ನೆಟ್ಟಗೆ ಮುಂದೆ ನೋಡಿತು. ಸುದ್ದಿ ಹಬ್ಬಿ, ಮೇಡ್ಲೇರಿ, ಐರಣಿಯಿಂದ ಬರುವ ಅಜ್ಜಿಯರೂ ಸೀಗೆಕಾಯಿ ಪುಡಿ ಕಟ್ಟಿಕೊಂಡು ಬರತೊಡಗಿದರು. ಹಂಡೆಗೆ ಯಾರು ಮೊದಲು ಎಂದು ಜಗಳ ಬಿಡಿಸುವುದೂ ನನ್ನ ಕೆಲಸವಾಯಿತು. ಕೊನೆಗೆ ಹನುಮಂತನ ಹಿಮ್ಮಡಿಯ ಬಿಗಿದ ನರ ಸಡಿಲಿಸಲು ದೊಡ್ಡ ಡಾಕ್ಟರು ಸಣ್ಣದೊಂದು ಗಾಯ ಮಾಡಿ ಕಡೆಯ ಪಟ್ಟಿ ಹಾಕಿದರು. ಅದನ್ನು ಬಿಚ್ಚಿದ ದಿನ ಮಿರೆಂಬೆ ಎರಡೂ ಅಂಗಾಲನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ನಡುವೆ ಸಲಾಕೆ ಇರುವ ಜೋಡಿ ಬೂಟನ್ನು ವರ್ಷಗಟ್ಟಲೆ ಮಲಗುವಾಗ ಹಾಕಬೇಕೆಂದು ರೇಣುಕಾಳಿಂದ ಮಾತು ತೆಗೆದುಕೊಂಡಳು. ಆ ವಾರವೇ ಅವಳು ಹೊರಟಳು. ಫಕೀರವ್ವ ಅವಳಿಗೆ ಒಂದು ಡಬ್ಬಿ ಮೆಣಸಿನಪುಡಿ ಕೊಟ್ಟು, "ನಿಮ್ಮವ್ವಗ ಹೇಳವಾ, ಬ್ಯಾಡಗಿಯಾಗ ಒಬ್ಬಾಕಿ ಕೇಳ್ಯಾಳ ಅಂತ" ಎಂದಳು. ಸೊಸೆಯ ಬಗ್ಗೆ ಮಾತ್ರ ಒಂದು ಮಾತೂ ಬದಲಿಸಲಿಲ್ಲ. ಕಾಲು ನೆಟ್ಟಗಾದದ್ದು ಹನುಮಪ್ಪನ ದಯೆ, ಡೊಂಕಾದದ್ದು ಸೊಸೆಯ ತಪ್ಪು, ಅಷ್ಟೇ ಆಕೆಯ ಲೆಕ್ಕ.

ಅಣ್ಣನ ಮನೆಯ ಆ ವಾಸನೆ ಎರಡು ದಿನ ನನ್ನನ್ನು ಬಿಡಲಿಲ್ಲ. ಮೂರನೆಯ ದಿನ ಬ್ಯಾಡಗಿಯ ಬಸ್ ಹತ್ತಿದೆ. ರೇಣುಕಾಳಿಗೆ ಇನ್ನೊಂದು ಕೂಸಾಗಿದೆ ಎಂದು ಯಾರೋ ಹೇಳಿದ್ದರು, ನನಗೆ ಒಂದು ವಿಷಯ ತಿಳಿಯಬೇಕಿತ್ತು.

ಮನೆ ಅದೇ, ಕಟ್ಟೆ ಅದೇ. ಶಾಲೆಯ ಅಂಗಿ ತೊಟ್ಟ ಹನುಮಂತ ನನಗೆ ಕುಡಿಯುವ ನೀರು ಕೊಟ್ಟು, ಚೆಂಡು ತೆಗೆದುಕೊಂಡು ಓಡಿಹೋದ. ಓಡಿದ್ದನ್ನು ನಾನು ಓಣಿ ತಿರುಗುವತನಕ ನೋಡಿದೆ. ಫಕೀರವ್ವ ಒಳಗೆ ನಿದ್ದೆಯಲ್ಲಿದ್ದಳು. ರೇಣುಕಾ ಅಂಗಳದಲ್ಲಿ ಕಾಯಿಯ ರಾಶಿಯ ಮುಂದೆ ತೊಟ್ಟು ಮುರಿಯುತ್ತಿದ್ದಳು. ಪಕ್ಕದಲ್ಲಿ ಅವಳ ಎರಡನೆಯದು, ಹೆಣ್ಣು ಕೂಸು, ಆಗಷ್ಟೇ ನಡೆಯಲು ಕಲಿತು ರಾಶಿಯ ಸುತ್ತ ಸುತ್ತು ಹಾಕುತ್ತಿತ್ತು.

"ಈಕಿ ಹೊಟ್ಟ್ಯಾಗಿದ್ದಾಗ ಗ್ರಹಣ ಬಂದಿತ್ತೇನ ರೇಣುಕಾ?" ಎಂದು ಕೇಳಿಯೇಬಿಟ್ಟೆ.

ಅವಳ ಕೈ ನಿಂತಿತು. ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿದಳು.

"ಬಂದಿತ್ರಿ. ಅತ್ತಿ ನನ್ನ ಒಳಗ ಹಾಕಿ ಬಾಗಲಾ ಮುಚ್ಚಿದ್ರು. ಕತ್ಲ್ಯಾಗ ಕುಂತಿದ್ದೆ. ಉಡ್ಯಾಗ ಒಂದು ಕಾಯಿ ಇಟಗೊಂಡು ಹೋಗಿದ್ದೆ."

"ಯಾಕ?"

"ತೊಟ್ಟು ಮುರದೆರಿ."

ನಾನು ಉಸಾಬರಿಯ ಹೆಂಗಸು. ಅವಳ ಹತ್ತಿರಕ್ಕೆ ಸರಿದು ಕುಳಿತೆ. ಅವಳೇ ಹೇಳಿದಳು.

"ಒಂದ ಒಂದು. ಕೂಸು ಹುಟ್ಟೋತನಾ ಒಂದು ದಿನ ನೆಟ್ಟಗ ನಿದ್ದಿ ಮಾಡಲಿಲ್ಲ. ಹಡದ ಕೂಡ್ಲೆ ಗಂಡೋ ಹೆಣ್ಣೋ ಕೇಳಲಿಲ್ಲ, ಕಾಲು ತೋರಸ್ರಿ ಅಂದೆ." ಒಂದು ಕಾಯಿ ಎತ್ತಿಕೊಂಡು ಟಕ್ ಎಂದು ತೊಟ್ಟು ಮುರಿದು ಬುಟ್ಟಿಗೆ ಹಾಕಿದಳು. "ನೆಟ್ಟಗಿದ್ವು. ಹಂಗ ಮುರದು ನೋಡಲಿಲ್ಲಂದ್ರ ಆ ಪಟ್ಟಿ ಕಟ್ಟೋ ಅಕ್ಕಾರ ಅವ್ವನಂಗ ಸಾಯೋತನಾ ಕುಂತು ನೆನಸಬೇಕಾಗತಿತ್ತಲ್ಲರಿ."

ಹುಡುಗಿ ಬಂದು ನನ್ನ ಮೊಣಕಾಲು ಹಿಡಿದು ನಿಂತಳು. ಅವಳ ಪಾದ ನನ್ನ ಪಾದದ ಮೇಲೆ ಇತ್ತು. ಅಂಗಾಲು ಪೂರ್ತಿ ಊರಿತ್ತು.

"ಅತ್ತಿ ಮುಂದ ಹೇಳಬ್ಯಾಡ್ರಿ ಮತ್ತ" ಎಂದಳು ರೇಣುಕಾ.